ಸೈಟು ಕೊಳ್ಳುವ ಮುನ್ನ ಕಾಗದದ ಕಟ್ಟು ಬಿಚ್ಚಿ

ಸೈಟು ನೋಡಲು ಹೋದವರು ಮೊದಲು ವಿಚಾರಿಸುವುದು ಬಾಗಿಲು ಪೂರ್ವಕ್ಕೆ ಬರುತ್ತದೆಯೇ, ನೀರು ಸಿಹಿಯೇ ಎಂದು. ಕಾಗದಪತ್ರವನ್ನು ವಕೀಲರಿಗೆ ಬಿಟ್ಟುಬಿಡುತ್ತಾರೆ. ವಕೀಲರು ಬೇಕೇ ಬೇಕು. ಆದರೆ ಅವರ ಮುಂದೆ ಕೂರುವ ಮೊದಲು ಆ ಕಟ್ಟನ್ನು ನೀವೂ ಬಿಚ್ಚಿ ಓದಿ.

ಮೊದಲು ಮೂಲಪತ್ರಗಳು. ಮಾರುವವರಿಗೆ ಆಸ್ತಿ ಬಂದದ್ದು ಕ್ರಯದಿಂದಲೋ, ವಿಭಾಗದಿಂದಲೋ, ದಾನದಿಂದಲೋ? ಹಳೆಯ ಕ್ರಯಪತ್ರದಲ್ಲಿ ಕೊಂಡವರು, ಇಲ್ಲವೇ ಅವರ ವಾರಸುದಾರರು, ಮುಂದಿನದರಲ್ಲಿ ಮಾರಿದವರಾಗಿರಬೇಕು. ಪಿತ್ರಾರ್ಜಿತವಾದರೆ ವಂಶವೃಕ್ಷ ತರಿಸಿ, ಹೆಣ್ಣುಮಕ್ಕಳ ಹೆಸರನ್ನು ಬೆರಳಿಟ್ಟು ಹುಡುಕಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ‘ತಂಗಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ’ ಎಂಬ ಮಾತನ್ನು ನಂಬಿ ಹಣ ಎಣಿಸಬೇಡಿ. ಆಕೆಯ ಸಹಿ ಬೇಕು.

ಪತ್ರದ ಕೊನೆಯಲ್ಲಿ ಚೆಕ್ಕುಬಂದಿ ಇರುತ್ತದೆ, ಅಂದರೆ ನಾಲ್ಕು ದಿಕ್ಕಿಗೆ ಏನೇನಿದೆ ಎಂಬ ವಿವರ. ನಾವೊಮ್ಮೆ ನೋಡಿದ 30×40 ಸೈಟಿನ ಪತ್ರದಲ್ಲಿ ಪೂರ್ವಕ್ಕೆ ‘ರಸ್ತೆ’ ಎಂದಿತ್ತು. ಪತ್ರ ಹಿಡಿದು ಹೋಗಿ ನಿಂತರೆ ಪೂರ್ವಕ್ಕೆ ಇದ್ದದ್ದು ತೆಂಗಿನ ತೋಟದ ತಂತಿಬೇಲಿ. ರಸ್ತೆ ಇದ್ದದ್ದು ಉತ್ತರಕ್ಕೆ. ತೋರಿಸಿದ ಸೈಟೇ ಬೇರೆ, ಪತ್ರದ ಸೈಟೇ ಬೇರೆ! ಮುಂಗಡ ಕೊಟ್ಟಿರಲಿಲ್ಲ, ಬಚಾವಾದೆವು.

ಇನ್ನು ಋಣಭಾರ ಪ್ರಮಾಣಪತ್ರ, ಎಲ್ಲರ ಬಾಯಲ್ಲಿ ಇಸಿ, ಅಂದರೆ ಆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ. ಕರ್ನಾಟಕದ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಅರ್ಜಿ ಹಾಕಬಹುದು, 30 ವರ್ಷದ್ದು ತೆಗೆಸಿ. ವ್ಯವಹಾರ ನಡೆದಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ. ನಮೂನೆ 16 ಕಂಡು ಹಿಗ್ಗುವವರೇ ಹೆಚ್ಚು. ಆದರೆ ನೋಂದಣಿಯಾದದ್ದು ಮಾತ್ರ ಇಸಿಯಲ್ಲಿ ಕಾಣುತ್ತದೆ. ನೋಂದಣಿಯಾಗದ ಕರಾರು, ಬಾಯಿಮಾತಿನ ಪಾಲು, ಕೋರ್ಟಿನ ದಾವೆ ಅದರಲ್ಲಿ ಸಿಗುವುದಿಲ್ಲ. ದಾವೆಗಾಗಿ ಇ-ಕೋರ್ಟ್ಸ್ ತಾಣದಲ್ಲಿ ಮಾರುವವರ ಹೆಸರು ಹಾಕಿ ನೋಡಿ.

ಜಮೀನಿನಲ್ಲಿ ಎದ್ದ ಬಡಾವಣೆಯಾದರೆ ಜಿಲ್ಲಾಧಿಕಾರಿಯ ಭೂಪರಿವರ್ತನೆ ಆದೇಶ, ಯೋಜನಾ ಪ್ರಾಧಿಕಾರ ಒಪ್ಪಿದ ನಕ್ಷೆ ಎರಡೂ ಬೇಕು. ಇವಿಲ್ಲದ ‘ರೆವಿನ್ಯೂ ಸೈಟು’ ಕಲ್ಲು ನೆಟ್ಟ ಹೊಲವಷ್ಟೇ. ಖಾತೆಯೂ ಹಕ್ಕುಪತ್ರವಲ್ಲ, ತೆರಿಗೆ ಯಾರ ಹೆಸರಿನಲ್ಲಿದೆ ಎಂಬುದರ ದಾಖಲೆ. ಹಾಗೆಂದು ಬಿಡುವಂತಿಲ್ಲ, ಇ-ಖಾತೆ (ಖಾತೆಯ ಡಿಜಿಟಲ್ ರೂಪ) ಇಲ್ಲದೆ ಈಗ ನೋಂದಣಿ ಮುಂದೆ ಸಾಗದು.

ಎಲ್ಲ ಸರಿಯಿದ್ದರೆ ಮುಂಗಡ ಕೊಟ್ಟು ಮಾರಾಟದ ಕರಾರು ಮಾಡಿಕೊಳ್ಳಿ. ಕರಾರಿನಿಂದ ನೀವು ಮಾಲೀಕರಾಗುವುದಿಲ್ಲ, ಕ್ರಯಪತ್ರ ಬರೆದುಕೊಡಿ ಎಂದು ಕೇಳುವ ಹಕ್ಕು ಬರುತ್ತದೆ. ಬರೀ ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಮೇಲೆ ಕೊಂಡರೆ ಒಡೆತನ ಬಾರದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ನೋಂದಣಿಯ ಖರ್ಚು: ಪೇಟೆಯಲ್ಲಿ 40 ಲಕ್ಷದ ಸೈಟಿಗೆ ಶೇ 5ರ ಮುದ್ರಾಂಕ ಶುಲ್ಕ 2 ಲಕ್ಷ, ಅದರ ಮೇಲೆ ಸೆಸ್ 20 ಸಾವಿರ, ಸರ್ಚಾರ್ಜ್ 4 ಸಾವಿರ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 2 ಆಗಿರುವುದರಿಂದ ಇನ್ನೂ 80 ಸಾವಿರ. ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರ ನಿಮ್ಮ ಬೆಲೆಗಿಂತ ಹೆಚ್ಚಿದ್ದರೆ ಲೆಕ್ಕ ಅದರ ಮೇಲೆಯೇ. ಬೆಲೆ 50 ಲಕ್ಷ ಮುಟ್ಟಿದರೆ ಶೇ 1 ಟಿಡಿಎಸ್ (ಮಾರುವವರಿಗೆ ಕೊಡುವ ಹಣದಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದು ಕಟ್ಟುವುದು ಕೊಳ್ಳುವವರ ಹೊಣೆ.

ನೋಂದಣಿಯ ದಿನವೇ ಮೂಲಪತ್ರಗಳನ್ನು ಎಣಿಸಿ ಪಡೆಯಿರಿ, ಖಾತೆ ಬದಲಾವಣೆಗೆ ಅರ್ಜಿ ಹಾಕಿ. ಕೆಲವು ದಿನ ಬಿಟ್ಟು ಮತ್ತೊಂದು ಇಸಿ ತೆಗೆಸಿ. ಅದರಲ್ಲಿ ಕೊಂಡವರ ಜಾಗದಲ್ಲಿ ನಿಮ್ಮ ಹೆಸರಿರಬೇಕು, ಕಾಗುಣಿತ ತಪ್ಪದೆ.