ಕಲಬುರಗಿ ಬಿಸಿಲು, ನಮ್ಮ ಪಶ್ಚಿಮದ ಕಿಟಕಿ

ಕಲಬುರಗಿಯಲ್ಲಿ ಮನೆ ಕಟ್ಟಿಸುವಾಗ ರಸ್ತೆ ಪಶ್ಚಿಮಕ್ಕಿದೆ ಅಂತ ಹಾಲ್‌ಗೆ ಆ ಕಡೆಯೇ 6 ಅಡಿ ಅಗಲದ ಗಾಜಿನ ಕಿಟಕಿ ಇಡಿಸಿದೆ. ಏಪ್ರಿಲ್ ಬಂತು. ಮಧ್ಯಾಹ್ನ ಮೂರಾದರೆ ಬಿಸಿಲು ಸೋಫಾ ದಾಟಿ ಒಳಗೆ ಬರುತ್ತಿತ್ತು. ರಾತ್ರಿ ಹತ್ತಕ್ಕೂ ಆ ಗೋಡೆ ಮುಟ್ಟಿದರೆ ಒಲೆಯಿಂದ ಇಳಿಸಿಟ್ಟ ರೊಟ್ಟಿ ಹಂಚಿನ ಹಾಗೆ ಬೆಚ್ಚಗೆ.

ಕಿಟಕಿ ಮೇಲೆ ನೆರಳಿಗೆ ಚಾಚಿದ 2 ಅಡಿ ಸಜ್ಜಾ ಇತ್ತಲ್ಲ ಅಂದ್ರೆ, ಸಂಜೆ ಸೂರ್ಯ ಇಳಿದು ಸಜ್ಜಾದ ಕೆಳಗಿನಿಂದಲೇ ನುಗ್ಗುತ್ತಾನೆ. ಸಜ್ಜಾ ನಿಜವಾಗಿ ದುಡಿಯೋದು ದಕ್ಷಿಣಕ್ಕೆ, ಅಲ್ಲಿ ಬಿಸಿಲು ಮೇಲಿನಿಂದ ಬೀಳುತ್ತದೆ. ನಮ್ಮೂರಲ್ಲಿ ಡಿಸೆಂಬರ್ ಕೊನೆಯಲ್ಲೂ ನಡುಹಗಲ ಸೂರ್ಯ ಸುಮಾರು 49 ಡಿಗ್ರಿ ಎತ್ತರದಲ್ಲಿರುತ್ತಾನೆ. ಮೇ ಎರಡನೇ ವಾರದಿಂದ ಆಗಸ್ಟ್ ಶುರುವಿನವರೆಗೆ ನೆತ್ತಿ ದಾಟಿ ಉತ್ತರಕ್ಕೇ ವಾಲುತ್ತಾನೆ. ಹಾಗಾಗಿ ಉತ್ತರದ ಕಿಟಕಿಗೂ ಸಜ್ಜಾ ಬೇಕು. ಇದನ್ನ ಎಷ್ಟೋ ಜನ ಮರೆಯುತ್ತಾರೆ.

ಮೊದಲು ದಪ್ಪ ಪರದೆ ಹಾಕಿದೆ. ಪ್ರಯೋಜನ ಕಡಿಮೆ. ಗಾಜು ದಾಟಿ ಬಂದ ಬಿಸಿಲು ಪರದೆಯನ್ನು ಕಾಯಿಸುತ್ತದೆ, ಆ ಕಾವು ಒಳಗೇ ಉಳಿಯುತ್ತದೆ. ನೆರಳು ಗಾಜಿನ ಹೊರಗಿರಬೇಕು. ಕೊನೆಗೆ ಕಿಟಕಿಯಿಂದ ಒಂದೂವರೆ ಅಡಿ ಆಚೆ ಇಟ್ಟಿಗೆ ಜಾಲಿ, ಅಂದ್ರೆ ನಡುನಡುವೆ ಕಿಂಡಿ ಬಿಟ್ಟ ಗೋಡೆ, ಕಟ್ಟಿಸಿದೆ. ಗೌಂಡಿ ನಕ್ಕ: "ಸರ್, ಚಂದದ ಗ್ಲಾಸ್ ಹಾಕ್ಸಿ ಅದರ ಮುಂದ ಗ್ವಾಡಿ ಕಟ್ಟಸ್ತೀರೇನ್ರೀ?" ಅವನು ಹೇಳಿದ್ದು ಸರಿಯೇ. ಗಾಜಿನ ದುಡ್ಡು ದಂಡ. ಆದರೆ ಮುಂದಿನ ಬೇಸಿಗೆಯಲ್ಲಿ ರಾತ್ರಿ ಗೋಡೆ ಮುಟ್ಟಿದಾಗ ಆ ಕಾವು ಇರಲಿಲ್ಲ.

ಛಾವಣಿ ಕಾಯದಿರಲಿ ಅಂತ ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಬೆರೆಸಿ ಅದಕ್ಕೆ ಎರಡು ಕೋಟ್ ಬಳಿಸುತ್ತೇವೆ. ಮಳೆಗೆ ತೊಳೆದು ಹೋಗುತ್ತದೆ, ಧೂಳಿಗೆ ಮಂಕಾಗುತ್ತದೆ. ಪ್ರತಿ ವರ್ಷ ಶಿವರಾತ್ರಿಗೆ ಮೊದಲು ಮತ್ತೆ ಬಳಿಯಬೇಕು. ಅಗ್ಗ, ಅಷ್ಟೇ ಕಿರಿಕಿರಿ.

ಗಾಳಿ ಬೇಕು ಅಂತ ನಾನು ಮಧ್ಯಾಹ್ನವೂ ಕಿಟಕಿ ತೆಗೆದಿಡುತ್ತಿದ್ದೆ. ಹಳೇ ಮಾಳಿಗೆ ಮನೆಯಲ್ಲಿ ನಮ್ಮವ್ವ ಹೊತ್ತೇರುವ ಮೊದಲೇ ಎಲ್ಲ ಮುಚ್ಚಿ, ಬೆಳಕಿಂಡಿಯ ಬೆಳಕಲ್ಲೇ ಕೆಲಸ ಮಾಡುತ್ತಿದ್ದಳು. ತೆಗೆಯುತ್ತಿದ್ದುದು ಹೊರಗೆ ತಂಪಾದ ಮೇಲೆ. ಮಧ್ಯಾಹ್ನ ತೆಗೆದರೆ 42 ಡಿಗ್ರಿ ಗಾಳಿಯನ್ನು ಕರೆದು ಕೂರಿಸಿದಂಗೆ ಅಲ್ವಾ? ರಾತ್ರಿಯಿಡೀ ತೆಗೆದಿಟ್ಟರೆ ಗೋಡೆ, ಶಹಾಬಾದ್ ಕಲ್ಲಿನ ನೆಲ ಎರಡೂ ತಣಿದು, ಮರುದಿನ ಮಧ್ಯಾಹ್ನದವರೆಗೆ ಆ ತಂಪು ಹಿಡಿದಿಡುತ್ತವೆ. ಸೊಳ್ಳೆ ಪರದೆ ಮೊದಲೇ ಹಾಕಿಸಿ, ಇಲ್ಲಾಂದ್ರೆ ಯಾರೂ ತೆಗೆಯಲ್ಲ.

ಏಸಿ ಇದೆ. ಮೇ ತಿಂಗಳಲ್ಲಿ ಮಲಗೋ ಮುಂಚೆ ಒಂದೆರಡು ತಾಸು ಹಾಕುತ್ತೇವೆ. ನಿಮ್ಮ ಪ್ಲಾನ್ ಇನ್ನೂ ಕಾಗದದ ಮೇಲಿದ್ದರೆ ಮೆಟ್ಟಿಲು, ಬಾತ್‌ರೂಮ್, ಸ್ಟೋರ್‌ರೂಮ್ ಪಶ್ಚಿಮಕ್ಕೆ ತಳ್ಳಿ, ಸಂಜೆ ಬಿಸಿಲು ಅವೇ ತಡೆದುಕೊಳ್ಳಲಿ. ನಮ್ಮಲ್ಲಿ ಮೆಟ್ಟಿಲು ತಂಪಾದ ಉತ್ತರದಲ್ಲಿ ಸುಮ್ನೆ ಕೂತಿದೆ.