ಎರೆ ಮಣ್ಣಿಗೆ ಮರಳು, ಒಣಗಲು ನೆರಳು

ಮಣ್ಣಿನ ಹಕ್ಕಿ, ಆನೆ, ಹಣತೆ, ಗೋಡೆಗೆ ತೂಗುಹಾಕುವ ಬಿಲ್ಲೆ, ಮಣಿಸರ ಇಂಥ ಸಣ್ಣ ಅಲಂಕಾರದ ವಸ್ತುಗಳನ್ನು ಕಲಿಯಲು ನಮ್ಮ ಮನೆಗೆ ಬರುವ ಓಣಿಯ ಹೆಣ್ಣುಮಕ್ಕಳು ಮೊದಲು ಯಾವ ಬಣ್ಣ ತರಬೇಕೆಂದು ಕೇಳುತ್ತಾರೆ. ಮಣ್ಣು ಎಲ್ಲಿಯದು ಎಂದು ನಾನು ಅವರನ್ನು ಕೇಳುತ್ತೇನೆ. ಮಣ್ಣನ್ನು ಹದಮಾಡುವುದಕ್ಕೆ ಮತ್ತು ಮಾಡಿದ್ದನ್ನು ಒಣಗಿಸುವುದಕ್ಕೆ ಬೇಕಾದಷ್ಟು ದಿನಗಳನ್ನು ಕೊಟ್ಟರೆ, ಕೈಯಿಂದ ರೂಪ ಕೊಡುವ ಕೆಲಸ ಒಂದು ಮಧ್ಯಾಹ್ನದ್ದು ಮಾತ್ರ.

ನನ್ನ ತವರು ದಾವಣಗೆರೆಯ ಕಡೆಯ ಎರೆ ಸೀಮೆ. ಮದುವೆಯಾಗಿ ಚಿತ್ರದುರ್ಗಕ್ಕೆ ಬಂದ ಮೊದಲ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ತವರಿನ ಕಪ್ಪು ಮಣ್ಣನ್ನೇ ತರಿಸಿ, ಬಹಳ ಆಸೆಯಿಂದ ಒಂದು ಜೋಡಿ ಎತ್ತು ಮಾಡಿದ್ದೆ. ಬೆಳಗಾಗುವಷ್ಟರಲ್ಲಿ ಎರಡರ ಕುತ್ತಿಗೆಯೂ ಸೀಳಿತ್ತು. ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಆರಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆ ಹೊಲ ಕೈ ಇಳಿಯುವಷ್ಟು ಬಾಯಿ ಬಿಡುವುದನ್ನು ಕಂಡು ಬೆಳೆದವಳಿಗೆ ಇದು ಹೊಳೆಯಬೇಕಾಗಿತ್ತು. ಮಣ್ಣಿಗೆ ಮರಳು ಕೂಡಿಸಬೇಕೆಂದು ಅಂದು ನಮ್ಮ ಅತ್ತೆಯವರು ಹೇಳಿಕೊಟ್ಟದ್ದನ್ನು ಇಂದಿಗೂ ಪಾಲಿಸುತ್ತಿದ್ದೇನೆ. ನಾಲ್ಕು ಪಾಲು ಮಣ್ಣಿಗೆ ಒಂದು ಪಾಲು ಜರಡಿ ಹಿಡಿದ ಸಣ್ಣ ಮರಳು ಸಾಮಾನ್ಯವಾಗಿ ಸಾಕು. ಬರೀ ಕೆಂಪು ಮಸಾರಿ ಮಣ್ಣಿನಲ್ಲಿ ಜಿಗುಟು ಸಾಲದು, ತಿದ್ದುವಾಗಲೇ ಉದುರುತ್ತದೆ. ನೀರಿಳಿದ ಕೆರೆಯಂಗಳದಲ್ಲಿ ಮೇಲಿನ ಪದರವನ್ನು ಕೆರೆದು ತೆಗೆದು, ಅದರ ಕೆಳಗಿನ ಜೇಡಿಯನ್ನು ತಂದರೆ ಒಳ್ಳೆಯದು. ಅದಕ್ಕಿಂತಲೂ ಒಳ್ಳೆಯದೆಂದರೆ ಹತ್ತಿರದ ಕುಂಬಾರರ ಮನೆಗೆ ಹೋಗಿ, ಅವರು ಹದಮಾಡಿಟ್ಟ ಮಣ್ಣನ್ನು ಹಣ ಕೊಟ್ಟು ತರುವುದು, ಏಕೆಂದರೆ ಯಾವ ಕೆರೆಯ ಮಣ್ಣಿಗೆ ಯಾವ ಮಣ್ಣನ್ನು ಬೆರೆಸಬೇಕೆಂಬ ಅವರ ತಿಳಿವಳಿಕೆ ನಮಗೆ ನಾಲ್ಕು ದಿನದಲ್ಲಿ ಬರುವಂಥದ್ದಲ್ಲ.

ತಾವೇ ಮಣ್ಣು ತಂದವರು ಅದನ್ನು ಒಣಗಿಸಿ, ಕುಟ್ಟಿ ಪುಡಿಮಾಡಿ, ಬಕೆಟ್ಟಿನಲ್ಲಿ ಎರಡು ದಿನ ನೆನೆಹಾಕಬೇಕು. ಆಮೇಲೆ ಚೆನ್ನಾಗಿ ಕಲಕಿ, ಹಳೆಯ ಪಂಚೆಯ ಬಟ್ಟೆಯಲ್ಲಿ ಸೋಸಿ, ಮಣ್ಣು ತಳಕ್ಕಿಳಿದ ಬಳಿಕ ಮೇಲಿನ ತಿಳಿ ನೀರನ್ನು ಬಗ್ಗಿಸಿ, ಉಳಿದ ಗಸಿಯನ್ನು ಅದೇ ಬಟ್ಟೆಯಲ್ಲಿ ಗಂಟುಕಟ್ಟಿ ತೂಗುಹಾಕಬೇಕು. ಈ ಸೋಸುವ ಕೆಲಸವನ್ನು ದಯವಿಟ್ಟು ಬಿಡಬೇಡಿ. ನಮ್ಮ ಸೀಮೆಯ ಎರೆ ಮಣ್ಣಿನಲ್ಲಿ ಸಣ್ಣ ಸಣ್ಣ ಸುಣ್ಣದ ಹರಳುಗಳು ಇರುತ್ತವೆ. ಅವು ಕುಂಬಾರರು ಮಡಕೆ ಸುಡುವ ಆವಿಗೆಯಲ್ಲಿ ಸುಟ್ಟು ಸುಣ್ಣವಾಗಿ, ಮುಂದೆ ಗಾಳಿಯ ತೇವವನ್ನು ಹೀರಿ ಉಬ್ಬಿ, ಸರಿಯಾಗಿಯೇ ಇದ್ದ ಬೊಂಬೆಯ ಮೈಯಿಂದ ಬಿಲ್ಲೆಯಂತೆ ಚೂರು ಎಬ್ಬಿಸುತ್ತವೆ. ಮರಳನ್ನು ಸೋಸಿದ ನಂತರ ಕೂಡಿಸಿ, ಚಪಾತಿ ಹಿಟ್ಟಿನ ಹದಕ್ಕೆ ಬರುವಂತೆ, ಒಳಗೆ ಗಾಳಿ ನಿಲ್ಲದಂತೆ ಕಾಲು ಗಂಟೆಯಾದರೂ ನಾದಬೇಕು. ಒಂದು ಬತ್ತಿ ಹೊಸೆದು ಬೆರಳಿಗೆ ಸುತ್ತಿದಾಗ ಸೀಳದಿದ್ದರೆ ಜಿಗುಟು ಸರಿಯಾಗಿದೆಯೆಂದು ತಿಳಿಯಿರಿ. ಇನ್ನೊಂದು ಪರೀಕ್ಷೆಯೂ ಉಂಟು. ಮಣ್ಣಿನ ಪಟ್ಟಿಯೊಂದರ ಮೇಲೆ 10 ಸೆಂಟಿಮೀಟರ್ ಉದ್ದದ ಗೆರೆ ಎಳೆದು, ಪಟ್ಟಿ ಪೂರ್ತಿ ಒಣಗಿದ ಮೇಲೆ ಅಳೆಯಬೇಕು. ಗೆರೆ 9 ಸೆಂಟಿಮೀಟರಿಗಿಂತ ಕಡಿಮೆಯಾಗಿದ್ದರೆ ಇನ್ನಷ್ಟು ಮರಳು ಬೇಕು.

ರೂಪ ಕೊಡುವಾಗ ನೀರಿನ ಆಸೆ ಇರಬಾರದು. ಬೆರಳು ಅದ್ದಿ ಅದ್ದಿ ನುಣುಪು ಮಾಡಿದ ಬೊಂಬೆ ಆ ಹೊತ್ತಿಗೆ ಚೆಂದ ಕಾಣುತ್ತದೆ, ಒಣಗುವಾಗ ಮೇಲೆಲ್ಲ ಎಳೆ ಬಿರುಕು ಬಿಡುತ್ತದೆ. ಗಾತ್ರ ಎಲ್ಲ ಕಡೆ ಸಮನಾಗಿರಲಿ, ಎಲ್ಲಿಯೂ 1 ಸೆಂಟಿಮೀಟರ್ ದಪ್ಪವನ್ನು ಮೀರದಿರಲಿ; ಆನೆಯ ಹೊಟ್ಟೆಯಂಥ ದಪ್ಪ ಭಾಗವನ್ನು ಕೆಳಗಿನಿಂದ ಚಮಚದಲ್ಲಿ ಕೆರೆದು ಟೊಳ್ಳು ಮಾಡಬೇಕು. ಕಿವಿ, ಸೊಂಡಿಲು, ಕೊಂಬುಗಳನ್ನು ಸುಮ್ಮನೆ ಒತ್ತಿ ಅಂಟಿಸಿದರೆ ಉದುರುತ್ತವೆ. ಎರಡೂ ಕಡೆ ಹಳೆಯ ಬಾಚಣಿಗೆಯಿಂದ ಗೀರಿ, ಅದೇ ಮಣ್ಣನ್ನು ಮಜ್ಜಿಗೆಯಂತೆ ಕಲಸಿ ಹಚ್ಚಿ, ಆಮೇಲೆ ಒತ್ತಿ ಕೂಡಿಸಬೇಕು. ಹಾರ, ಜಡೆ, ಬಳ್ಳಿಗೆ ಎಳೆ ಬೇಕಾದರೆ ಅಡುಗೆಗೆ ಬಳಸದ ಹಳೆಯ ಚಕ್ಕುಲಿ ಒರಳೊಂದು ಬಹಳ ಅನುಕೂಲ. ಸುಡದೆ ಇಡುವ ಬೊಂಬೆಗಳಾದರೆ ಹತ್ತಿಯನ್ನು ಹಿಂಜಿ ಮಣ್ಣಿನೊಡನೆ ನಾದಿದಾಗ ಅದರ ಎಳೆಗಳು ಮಣ್ಣನ್ನು ಹಿಡಿದುಕೊಳ್ಳುತ್ತವೆ, ಬಿರುಕು ಕಡಿಮೆಯಾಗುತ್ತದೆ. ಕಣ್ಣಿಗೆಂದು ಜೋಳವನ್ನೋ ಗುಲಗಂಜಿಯನ್ನೋ ಹಸಿ ಮಣ್ಣಿನಲ್ಲಿ ಊರಬೇಡಿ. ಉಗುರು ಒತ್ತಿದರೆ ಗೆರೆ ಬೀಳುವಷ್ಟು, ಆದರೆ ಬೆರಳಿಗೆ ಅಂಟದಷ್ಟು ಆರಿದಾಗ ಊರಿದರೆ ಕಾಳು ಸಡಿಲವಾಗುವುದಿಲ್ಲ. ಗುಲಗಂಜಿ ವಿಷದ ಕಾಳಾದ್ದರಿಂದ ಎಳೆ ಮಕ್ಕಳಿರುವ ಮನೆಯಲ್ಲಿ ಅದು ಬೇಡವೇ ಬೇಡ.

ಒಣಗಿಸುವುದರಲ್ಲಿ ದುರ್ಗದವರು ಇತರರಿಗಿಂತ ಹೆಚ್ಚು ಎಚ್ಚರದಿಂದಿರಬೇಕು. ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನವೇ ಆಷಾಢ ಕಾಲಿಡುತ್ತದೆ, ಆ ತಿಂಗಳಲ್ಲಿ ಮಣ್ಣಿನ ಗುಳ್ಳವ್ವನನ್ನು ಮಾಡಿ ಪೂಜಿಸುವ ಮಂಗಳವಾರಗಳೂ ಬರುತ್ತವೆ. ನಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸುವಷ್ಟು ಬಲದ ಗಾಳಿ ಬೀಸುವ ಕಾಲವೂ ಅದೇ. ಗಾಳಿ ತಾಗಿದ ಮಗ್ಗುಲು ಮೊದಲು ಒಣಗಿ ಕುಗ್ಗುತ್ತದೆ, ಇನ್ನೊಂದು ಮಗ್ಗುಲು ಹಸಿಯಾಗಿಯೇ ಉಳಿದಿರುತ್ತದೆ, ಆ ಎಳೆದಾಟದಲ್ಲಿ ಬೊಂಬೆ ಸೀಳುತ್ತದೆ. ಆದ್ದರಿಂದ ಮೊದಲ ಎರಡು ದಿನ ತೆಳು ಬಟ್ಟೆ ಹೊದಿಸಿ, ಗಾಳಿಯಾಡದ ಮೂಲೆಯ ನೆರಳಿನಲ್ಲಿ ಕಾಗದದ ಮೇಲೆ ಇಡಬೇಕು, ದಿನಕ್ಕೊಮ್ಮೆ ಮಗ್ಗುಲು ಬದಲಿಸಬೇಕು. ಪೂರ್ತಿ ಒಣಗಲು ಒಂದು ವಾರವಾದರೂ ಬೇಕು, ಮೋಡವಿದ್ದರೆ ಇನ್ನೂ ಹೆಚ್ಚು. ಕೆನ್ನೆಗೆ ಒತ್ತಿ ನೋಡಿದಾಗ ತಣ್ಣಗೆನಿಸಿದರೆ ಒಳಗೆ ಇನ್ನೂ ತೇವವಿದೆಯೆಂದೇ ಅರ್ಥ.

ಮಣ್ಣು ಮತ್ತೆ ನೀರಿನಲ್ಲಿ ಕರಗದಂತೆ ಗಟ್ಟಿಯಾಗಬೇಕಾದರೆ 600 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖ ಬೇಕು. ಅಡುಗೆಮನೆಯ ಓವನ್ನಿನಲ್ಲಿ ಆ ಶಾಖ ಹುಟ್ಟುವುದಿಲ್ಲ. ಗ್ಯಾಸ್ ಒಲೆಯ ಉರಿಯ ಮೇಲೆ ನೇರವಾಗಿ ಇಡುವುದಂತೂ ಅಪಾಯ. ಒಳಗಿನ ತೇವ ಹಬೆಯಾಗಿ ಹೊರಬರಲು ದಾರಿ ಕಾಣದೆ ಬೊಂಬೆ ಸಿಡಿದು, ಚೂರುಗಳು ಕಣ್ಣಿಗೆ ಹಾರಬಹುದು. ಕುಂಬಾರರನ್ನು ಕೇಳಿಕೊಂಡರೆ ಅವರು ಆವಿಗೆ ಹಚ್ಚುವ ದಿನ ನಿಮ್ಮ ನಾಲ್ಕು ವಸ್ತುಗಳನ್ನೂ ಮಡಕೆಗಳ ನಡುವೆ ಇಟ್ಟು ಸುಟ್ಟುಕೊಡಬಹುದು. ಸುಟ್ಟ ಹಣತೆಯನ್ನು ಮೊದಲ ಬಾರಿ ಬೆಳಗುವ ಮುನ್ನ ಒಂದೆರಡು ಗಂಟೆ ನೀರಿನಲ್ಲಿ ನೆನೆಸಿ ಒರೆಸಿಕೊಂಡರೆ ಅದು ಕುಡಿಯುವ ಎಣ್ಣೆ ಉಳಿಯುತ್ತದೆ.

ಬಣ್ಣದ ಮಾತನ್ನು ಕೊನೆಗಿಟ್ಟಿದ್ದೇನೆ. ಕೆಮ್ಮಣ್ಣು, ಸುಣ್ಣ, ದೀಪದ ಮಸಿ ಈ ಮೂರೇ ನನಗೆ ಸಾಕು. ನಮ್ಮ ಚಂದ್ರವಳ್ಳಿಯಲ್ಲಿಯೂ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿಯೂ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅವರು ಉತ್ಖನನ ಮಾಡಿಸಿದಾಗ, ಕೆಂಗಂದು ಲೇಪದ ಮೈಮೇಲೆ ಬಿಳಿಯ ಗೆರೆಗಳಿಂದ ಅಲಂಕರಿಸಿದ ಪ್ರಾಚೀನ ಮಡಕೆ ಚೂರುಗಳು ದೊರೆತಿದ್ದವು. ಕೆಂಪಿನ ಮೇಲೆ ಬಿಳಿ ಅಷ್ಟು ಹಿಂದಿನಿಂದಲೂ ಈ ನೆಲದ ಕೈಗಳಿಗೆ ಒಪ್ಪಿದ ಜೋಡಿ, ಆದ್ದರಿಂದ ಹೊಳೆಯುವ ಬಣ್ಣದ ಡಬ್ಬಿಗಳನ್ನು ಕೊಳ್ಳುವ ಮುನ್ನ ಒಮ್ಮೆ ಇದನ್ನು ಮಾಡಿ ನೋಡಿ. ಕೆಮ್ಮಣ್ಣು ಕೈಗೆ ಹತ್ತದಂತೆ ಹಿಡಿದುಕೊಳ್ಳಲು ಹುಣಸೆ ಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಸಿ ರುಬ್ಬಿ, ನೀರು ಹಾಕಿ ಕುದಿಸಿದ ಅಂಟನ್ನು ಬೆರೆಸುತ್ತೇನೆ. ಅದು ಬೇಗ ಹಳಸುವುದರಿಂದ ಅಂದಂದಿಗೆ ಬೇಕಾದಷ್ಟನ್ನೇ ಕಾಯಿಸಬೇಕು. ಸುಣ್ಣ ಬಳಿದ ಮೈಮೇಲೆ ಅರಿಶಿನ ಹಚ್ಚಿದರೆ ಅದು ಕೆಂಪಾಗುತ್ತದೆ, ಬಿಸಿಲಿಗೆ ಬೇಗ ಮಂಕಾಗುವುದೂ ಉಂಟು; ಹಳದಿ ಬೇಕೆನ್ನುವವರು ಹಳದಿ ಕಾವಿಯನ್ನು ತರುವುದು ಮೇಲು.

ಒಣಗುವಾಗ ಒಡೆದ ಹಸಿ ಬೊಂಬೆಯನ್ನು ಎಸೆಯಬೇಡಿ, ನೀರಿನಲ್ಲಿ ನೆನೆಹಾಕಿದರೆ ಅದು ಮತ್ತೆ ಮಣ್ಣಾಗುತ್ತದೆ. ಸುಟ್ಟ ಮೇಲೆ ಒಡೆದದ್ದು ಕರಗುವುದಿಲ್ಲ. ಅದನ್ನು ಕುಟ್ಟಿ, ಜರಡಿ ಹಿಡಿದು ಡಬ್ಬಿಯಲ್ಲಿಟ್ಟುಕೊಂಡರೆ ಮುಂದಿನ ಸಲ ಮಣ್ಣಿಗೆ ಮರಳಿನ ಬದಲು ಕೂಡಿಸಬಹುದು.