ಯೂನಿಯನ್‌ಗೆ ಕೊಟ್ಟ ಅರ್ಜಿ ಕದಲದಿದ್ದರೆ ಏನು ಮಾಡಬೇಕು

2022ರ ಜುಲೈ ತಿಂಗಳ ಸಂಬಳದ ಚೀಟಿಯಲ್ಲಿ ನನ್ನ ವಾರ್ಷಿಕ ಇನ್‌ಕ್ರಿಮೆಂಟ್ ಇರಲಿಲ್ಲ. ಆದೇಶವೂ ಇಲ್ಲ, ನೋಟಿಸೂ ಇಲ್ಲ. ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ಕೆಲಸದಲ್ಲಿದ್ದೇನೆ. ಆಗಸ್ಟ್ 11ರಂದು ಎರಡು ಪುಟದ ಅರ್ಜಿ ಬರೆದು ನಮ್ಮ ಯೂನಿಯನ್ ಕಾರ್ಯದರ್ಶಿಯ ಕೈಗೇ ಕೊಟ್ಟೆ. “ಮುಂದಿನ ಮೀಟಿಂಗ್‌ಗೆ ಹಾಕಿಸುತ್ತೇನೆ ಅಕ್ಕ, ನೀವು ನಿಶ್ಚಿಂತೆಯಾಗಿರಿ” ಎಂದರು. ಅದೇ ಮಾತನ್ನು ಹದಿನಾಲ್ಕು ತಿಂಗಳು ಕೇಳಿದೆ.

ಯೂನಿಯನ್ ಬೇಡ ಎನ್ನುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. 1980-81ರಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು 77 ದಿನ ಮುಷ್ಕರ ಹೂಡಿದಾಗ ನಮ್ಮ ತಂದೆಯೂ ಅದರಲ್ಲಿದ್ದರು. ಅಮ್ಮ ಹಿತ್ತಾಳೆ ಕೊಳಗ ಅಡವಿಟ್ಟು ಅಕ್ಕಿ ತಂದಿದ್ದರಂತೆ. ಹಾಗೆ ಕಟ್ಟಿದ ಸಂಘದಲ್ಲಿ ಒಬ್ಬರ ಅರ್ಜಿ ಬೀರುವಿನಲ್ಲಿ ಕೊಳೆಯುತ್ತದೆಂದರೆ ನನಗೆ ಹೊಟ್ಟೆ ಉರಿಯುತ್ತದೆ.

ಮೊದಲು ಸ್ವೀಕೃತಿ. ಅರ್ಜಿಯ ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಕಾರ್ಯದರ್ಶಿಯ ಸಹಿ, ದಿನಾಂಕ, ಸಂಘದ ಮೊಹರು ಪಡೆಯಿರಿ. ಪರಿಚಯದವರ ಬಳಿ ಹೇಗೆ ಕೇಳುವುದು ಎಂಬ ಸಂಕೋಚದಲ್ಲಿ ನಾನು ಇದನ್ನು ಬಿಟ್ಟೆ. ಸಹಿ ಹಾಕಲು ಹಿಂದೆಮುಂದೆ ನೋಡಿದರೆ ಅದೇ ಅರ್ಜಿಯನ್ನು ಸಂಘದ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ನಂತರ ನೀವು ವಿಚಾರಿಸಿದ ದಿನ, ಸಿಕ್ಕ ಉತ್ತರ, ಉತ್ತರ ಕೊಟ್ಟವರು ಯಾರು, ಇಷ್ಟನ್ನು ಒಂದು ನೋಟ್‌ಬುಕ್‌ನಲ್ಲಿ ಅವತ್ತವತ್ತೇ ಬರೆಯಿರಿ.

ಒಂದು ತಿಂಗಳಾದರೂ ಸುದ್ದಿಯಿಲ್ಲದಿದ್ದರೆ ಜ್ಞಾಪನ ಪತ್ರ ಕೊಡಿ. ಅದರಲ್ಲಿ ದೂಷಣೆ ಬೇಡ. ನಾನು ಕೊನೆಗೆ ಬರೆದದ್ದು ಇಷ್ಟೇ: “11-8-2022ರಂದು ಕೊಟ್ಟ ನನ್ನ ಅರ್ಜಿಯನ್ನು ಆಡಳಿತ ವರ್ಗಕ್ಕೆ ಯಾವ ದಿನಾಂಕದಂದು, ಯಾವ ಪತ್ರ ಸಂಖ್ಯೆಯಲ್ಲಿ ಕಳುಹಿಸಲಾಗಿದೆ? ಕಳುಹಿಸಿಲ್ಲವಾದರೆ ಎಂದು ಕಳುಹಿಸುತ್ತೀರಿ? ಹತ್ತು ದಿನದೊಳಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.” ಅಧ್ಯಕ್ಷರಿಗೂ ಕಾರ್ಯಕಾರಿ ಸಮಿತಿಯ ಸದಸ್ಯರಿಗೂ ಒಂದೊಂದು ಪ್ರತಿ ಕಳುಹಿಸಿ. ಇಂಥ ಪ್ರಶ್ನೆಗೆ “ನೋಡೋಣ” ಎಂಬ ಉತ್ತರ ಹೊಂದುವುದಿಲ್ಲ.

ಹತ್ತು ದಿನ ಕಳೆದರೂ ಉತ್ತರ ಬರಲಿಲ್ಲ. ಆಗ ಹಿಡಿದದ್ದು ಮಾಹಿತಿ ಹಕ್ಕಿನ ದಾರಿ. ಯೂನಿಯನ್‌ಗೆ ಈ ಅರ್ಜಿ ಹಾಕಲು ಸಾಮಾನ್ಯವಾಗಿ ಆಗುವುದಿಲ್ಲ, ಅದು ಸಾರ್ವಜನಿಕ ಪ್ರಾಧಿಕಾರವಲ್ಲ. ಆದರೆ ಸರ್ಕಾರಿ ಉದ್ದಿಮೆಗೆ ಹಾಕಬಹುದು. ಯೂನಿಯನ್ ಬರೆದ ಪತ್ರ ಹೋಗಿ ಸೇರಬೇಕಾದದ್ದು ಅಲ್ಲಿಗೇ ತಾನೆ? ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಜೊತೆ ಅರ್ಜಿ ಕೊಟ್ಟೆ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಹಾಗಾಗಿ ನೋವು ತೋಡಿಕೊಳ್ಳದೆ ಕಾಗದವನ್ನಷ್ಟೇ ಕೇಳಬೇಕು: ನನ್ನ ಇನ್‌ಕ್ರಿಮೆಂಟ್ ಬಗ್ಗೆ ಯೂನಿಯನ್‌ನಿಂದ ಬಂದ ಪತ್ರಗಳ ಪ್ರತಿ, ಆ ಬಗ್ಗೆ ನಡೆದ ಜಂಟಿ ಸಭೆಗಳ ನಡಾವಳಿಯ ಪ್ರತಿ. ಉತ್ತರ ಕೊಡಲು ಅವರಿಗೆ 30 ದಿನವಿದೆ. ಕೊಡದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ನನಗೆ ಬಂದ ಉತ್ತರ ಒಂದೇ ಸಾಲಿನದು. ಸದರಿ ವಿಷಯದಲ್ಲಿ ಯಾವುದೇ ಪತ್ರ ಸ್ವೀಕೃತವಾಗಿಲ್ಲ.

ಅದನ್ನು ಹಿಡಿದು ಊಟದ ಬಿಡುವಿನಲ್ಲಿ ಯೂನಿಯನ್ ಕೊಠಡಿಗೆ ಹೋದೆ. ಕಾರ್ಯದರ್ಶಿ ಓದಿ, ಮಾತಿಲ್ಲದೆ ಎದ್ದು ಬೀರು ತೆರೆದರು. ಬೀರುವಿನ ಬಾಗಿಲ ಮೇಲೆ ಆಯುಧಪೂಜೆಯ ಕುಂಕುಮ ಒಣಗಿ ಉದುರುತ್ತಿತ್ತು. ಮದುವೆ ಕರೆಯೋಲೆಗಳು, ಚಂದಾ ರಸೀದಿ ಪುಸ್ತಕಗಳು, ಅವುಗಳ ಕೆಳಗೆ ಲಾಡಿ ಕಟ್ಟಿದ ಒಂದು ಕಡತ. ನನ್ನ ಅರ್ಜಿ ಅದರಲ್ಲಿತ್ತು. ನನ್ನದೊಂದೇ ಅಲ್ಲ, ಇನ್ನೂ ಹನ್ನೊಂದು ಜನರದು. ಕಾರ್ಯದರ್ಶಿ ದುಷ್ಟರಲ್ಲ. ಪಾಳಿ ಕೆಲಸ ಮುಗಿಸಿ ಬಂದು ಒಬ್ಬರೇ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದರು. ಆದರೆ ಅವರ ಆಯಾಸದ ಬೆಲೆಯನ್ನು ಹನ್ನೆರಡು ಮನೆಗಳು ತೆತ್ತವು. ಒಂಬತ್ತು ದಿನದಲ್ಲಿ ನನ್ನ ಪತ್ರ ಹೋಯಿತು. 2024ರ ಫೆಬ್ರವರಿಯಲ್ಲಿ ಇನ್‌ಕ್ರಿಮೆಂಟ್ ಮರಳಿತು.

ಈಗಿನ ಕಾನೂನಿನಲ್ಲಿ ಹದಿನಾಲ್ಕು ತಿಂಗಳು ಕಾದರೆ ಕೆಟ್ಟಿರಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ವಿವಾದ ಹುಟ್ಟಿದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಇದನ್ನು ಕಾರ್ಮಿಕ ತಾನೇ ಹಾಕಬಹುದು, ಯೂನಿಯನ್ ಸಹಿಗೆ ಕಾಯಬೇಕಿಲ್ಲ. ಸಮಿತಿ 30 ದಿನದಲ್ಲಿ ಮುಗಿಸಬೇಕು. ಮುಗಿಸದಿದ್ದರೆ, ಅಥವಾ ತೀರ್ಮಾನ ಒಪ್ಪಿಗೆಯಾಗದಿದ್ದರೆ, 60 ದಿನದೊಳಗೆ ಸಂಧಾನಾಧಿಕಾರಿಯ, ಅಂದರೆ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುವ ಸರ್ಕಾರಿ ಅಧಿಕಾರಿಯ, ಮುಂದೆ ಹೋಗಬೇಕು. ಈ ಹಂತದ ಅರ್ಜಿ ಹೋಗಬೇಕಾದದ್ದು ನೀವು ಸದಸ್ಯರಾಗಿರುವ ಯೂನಿಯನ್ ಮೂಲಕ! ಕಾರ್ಯದರ್ಶಿ ತಡಮಾಡಿದ ಪ್ರತಿ ದಿನವೂ ನಿಮ್ಮ ಅರವತ್ತರಲ್ಲಿ ಕಳೆಯುತ್ತದೆ. ಅದಕ್ಕೇ 31ನೆಯ ದಿನವೇ ಯೂನಿಯನ್‌ಗೆ ಲಿಖಿತವಾಗಿ ಕೇಳಿ, ಕೊನೆಯ ದಿನಾಂಕವನ್ನು ಪತ್ರದ ತಲೆಯಲ್ಲೇ ಬರೆಯಿರಿ. ಹತ್ತು ದಿನದಲ್ಲಿ ಕದಲದಿದ್ದರೆ ಆ ಪತ್ರದ ಪ್ರತಿ ಹಿಡಿದು ನೀವೇ ಕಾರ್ಮಿಕ ಇಲಾಖೆಗೆ ಹೋಗಿ ವಿಚಾರಿಸಿ. ಬೆಂಗಳೂರಿನಲ್ಲಿ ರಾಜ್ಯದ ಉದ್ದಿಮೆಯವರು ಹೋಗಬೇಕಾದದ್ದು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ. ಕೇಂದ್ರದ ಉದ್ದಿಮೆಯವರಿಗೆ ಕೇಂದ್ರ ಕಾರ್ಮಿಕ ಆಯುಕ್ತರ ಕಚೇರಿ ಬೇರೆ ಇದೆ.

ಕೆಲಸದಿಂದಲೇ ತೆಗೆದಿದ್ದರೆ ಯೂನಿಯನ್‌ನ ಹಂಗಿಲ್ಲ. ಸಂಧಾನಾಧಿಕಾರಿಗೆ ಅರ್ಜಿ ಕೊಟ್ಟು 45 ದಿನ ಕಳೆದ ಮೇಲೆ ನೇರವಾಗಿ ಕೈಗಾರಿಕಾ ನ್ಯಾಯಮಂಡಳಿಗೆ ಹೋಗಬಹುದು, ಕೆಲಸದಿಂದ ತೆಗೆದ ದಿನದಿಂದ ಎರಡು ವರ್ಷ ಮೀರಬಾರದು.

ರಾಜ್ಯ ಸರ್ಕಾರದ ಇಲಾಖೆಗಳ ನೌಕರರ ದಾರಿ ಬೇರೆ. ಮನವಿ ಕೊಟ್ಟು ಆರು ತಿಂಗಳಾದರೂ ಆದೇಶ ಬರದಿದ್ದರೆ, ಅಲ್ಲಿಂದ ಒಂದು ವರ್ಷದೊಳಗೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಬೇಕು. ಮತ್ತೆ ಮತ್ತೆ ಮನವಿ ಕೊಟ್ಟರೆ ಅವಧಿ ಬೆಳೆಯುವುದಿಲ್ಲ. ಸಂಘದವರು “ಸಾಹೇಬರ ಹತ್ತಿರ ಮಾತಾಡಿದ್ದೇವೆ” ಎಂದರೂ ಈ ಲೆಕ್ಕ ನಿಲ್ಲುವುದಿಲ್ಲ.

ಎಲ್ಲಿಗೇ ಹೋಗಲಿ, ಕಡತದಲ್ಲಿ ಮೊದಲು ಸಂಬಳದ ಚೀಟಿಗಳಿರಲಿ, ಯೂನಿಯನ್ ಚಂದಾ ಕಡಿತದ ಸಾಲು ಕಾಣುವಂಥವು. ಆಮೇಲೆ ಸ್ವೀಕೃತಿ ಇರುವ ಅರ್ಜಿ, ಜ್ಞಾಪನ ಪತ್ರ, ಅಂಚೆ ರಸೀದಿ, ಮಾಹಿತಿ ಹಕ್ಕಿನ ಉತ್ತರ, ದಿನಾಂಕದ ಸಾಲಿನಲ್ಲೇ. ಮೂಲ ಪ್ರತಿಗಳನ್ನು ಮನೆಯಲ್ಲೇ ಬಿಟ್ಟು ಜೆರಾಕ್ಸ್ ಕೊಡಿ.